ಫಾರ್ಮಸಿಗೆ ಸೇರುವ ಮುಂಚೆ: ಕಿರಣನಿಗೆ ಚಿಕ್ಕಮ್ಮನ ಪತ್ರ

ದಾವಣಗೆರೆ

ಚಿ. ಕಿರಣನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಉಭಯಕುಶಲೋಪರಿ. ಮೊನ್ನೆ ಅಕ್ಕ ಫೋನ್ ಮಾಡಿದಾಗ ನೀನು ಫಾರ್ಮಸಿ ಓದಬೇಕು ಅಂತಿದ್ದೀಯ ಎಂದಳು. ಕೇಳಿ ಖುಷಿಯಾಯಿತು. ಆದರೆ ಮಾತಿನ ಕೊನೆಗೆ ‘ನೀಟ್ ಆಗದಿದ್ದರೆ’ ಅಂತ ಒಂದು ಬಾಲ ಸೇರಿಸಿದಳು. ಮೊದಲು ಆ ಬಾಲದ ವಿಷಯ ಬರೆಯುತ್ತೇನೆ, ಉಳಿದದ್ದು ಆಮೇಲೆ.

ಪಿಯುಸಿಯಲ್ಲಿ ಪಿಸಿಎಂಬಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್, ಬಯಾಲಜಿ ಓದುವ ಮಕ್ಕಳಿರುವ ಮನೆಗಳಲ್ಲೆಲ್ಲ ಇದೇ ಲೆಕ್ಕ. ಮೆಡಿಕಲ್ ಸಿಗದಿದ್ದರೆ ಡೆಂಟಲ್, ಅದಿಲ್ಲದಿದ್ದರೆ ಆಯುರ್ವೇದ, ಅದೂ ಕೈತಪ್ಪಿದರೆ ಫಾರ್ಮಸಿ. ಬಸ್ಸಿನಲ್ಲಿ ಸೀಟು ಸಿಗದವರು ಕಂಬಿ ಹಿಡಿದು ನಿಂತ ಹಾಗೆ. ಹಾಗೆ ಬಂದು ಸೇರಿದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಾನು ಫಾರ್ಮಸಿಸ್ಟ್ ಆಗಿದ್ದ ಆಸ್ಪತ್ರೆಗೆ ತರಬೇತಿಗೆ ಬರುತ್ತಿದ್ದ ಹುಡುಗರಲ್ಲಿ ಯಾರು ಇಷ್ಟಪಟ್ಟು ಬಂದವರು, ಯಾರು ಗತಿಯಿಲ್ಲದೆ ಬಂದವರು ಅನ್ನುವುದು ಅವರು ಮಾತ್ರೆಯ ಸ್ಟ್ರಿಪ್ ಕತ್ತರಿಸುವುದರಲ್ಲೇ ಗೊತ್ತಾಗುತ್ತಿತ್ತು. ಮನಸ್ಸಿಟ್ಟವನು ಬ್ಯಾಚ್ ನಂಬರು, ಎಕ್ಸ್‌ಪೈರಿ ಅಚ್ಚಾದ ತುದಿಯನ್ನು ಕೊನೆಯವರೆಗೂ ಉಳಿಸಿಕೊಂಡು ಇನ್ನೊಂದು ಕಡೆಯಿಂದ ಕತ್ತರಿಸುತ್ತಾನೆ. ಮನಸ್ಸಿಲ್ಲದವನು ಮೊದಲು ಬಂದವರಿಗೇ ಆ ತುದಿ ಕೊಟ್ಟುಬಿಡುತ್ತಾನೆ. ಉಳಿದ ಮಾತ್ರೆ ಯಾವ ಕಾಲದ್ದೋ ದೇವರೇ ಬಲ್ಲ.

ನೀಟ್ ಬರೆಯಬೇಡ ಅನ್ನುತ್ತಿಲ್ಲ, ಬರಿ. ಬಿ.ಫಾರ್ಮಾಗೆ, ಅಂದರೆ ಫಾರ್ಮಸಿ ಡಿಗ್ರಿಗೆ, ಮಾತ್ರ ಅದು ಬೇಕಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪ್ರವೇಶ ಪರೀಕ್ಷೆ ಸಿಇಟಿ ಸಾಕು. ಈ ಕೆಲಸ ನಿನಗೆ ಹಿಡಿಸುತ್ತದೋ ಇಲ್ಲವೋ ಅನ್ನುವುದನ್ನು ನೀಟ್ ರಿಸಲ್ಟ್ ಬಂದ ದಿನ ತೀರ್ಮಾನ ಮಾಡಬೇಡ, ಈಗಲೇ ಮಾಡು. ಹೊಳಲ್ಕೆರೆಯಲ್ಲಿ ನಿಮ್ಮಪ್ಪನಿಗೆ ಪರಿಚಯದ ಮೆಡಿಕಲ್ ಸ್ಟೋರ್ ಇದೆಯಲ್ಲ, ರಜೆಯಲ್ಲಿ ಒಂದೆರಡು ಸಂಜೆ ಅಲ್ಲಿ ಹೋಗಿ ಸುಮ್ಮನೆ ಕೂತು ನೋಡು. ಯಾರು ಏನು ಕೇಳುತ್ತಾರೆ, ಅವರಿಗೆ ಎಷ್ಟು ಗೊತ್ತಿರುತ್ತದೆ, ಗಮನಿಸು.

ಆಸ್ಪತ್ರೆಯಲ್ಲಿ ನಾನು ಔಷಧ ಕೊಡುತ್ತಿದ್ದ ಕಿಟಕಿಗೆ ಒಮ್ಮೆ ಒಬ್ಬ ಅಜ್ಜ ಬಂದಿದ್ದರು, ಚನ್ನಗಿರಿ ಕಡೆಯವರು. ಪಂಚೆಯ ಮಡಿಲಿನಿಂದ ಮೂರು ಸ್ಟ್ರಿಪ್ ತೆಗೆದು ಸಾಲಾಗಿ ಇಟ್ಟರು. ಜ್ವರಕ್ಕೊಂದು, ನೆಗಡಿಗೊಂದು, ಮಂಡಿನೋವಿಗೊಂದು. ಮೂರೂ ಬೇರೆ ಬೇರೆ ಕಡೆ ತಂದದ್ದು, ಮೂರನ್ನೂ ದಿನಕ್ಕೆ ಮೂರು ಹೊತ್ತು ನುಂಗುತ್ತಿದ್ದರು. ಹೆಸರು ಮೂರಾದರೂ ಹಿಂದೆ ತಿರುಗಿಸಿ ನೋಡಿದರೆ ಎಲ್ಲದರಲ್ಲೂ ಪ್ಯಾರಾಸಿಟಮಾಲ್. ಜ್ವರದ ಮಾತ್ರೆಯಲ್ಲಿ 650 ಮಿಲಿಗ್ರಾಂ, ನೆಗಡಿಯದರಲ್ಲಿ 500, ನೋವಿನದರಲ್ಲಿ 325. ನೀನೇ ಕೂಡಿಸಿ ಮೂರರಿಂದ ಗುಣಿಸು, 4425 ಬರುತ್ತದೆ. ದೊಡ್ಡವರಿಗೂ ದಿನಕ್ಕೆ 4000 ದಾಟಬಾರದು, ದಾಟಿದರೆ ಲಿವರ್‌ಗೆ ಪೆಟ್ಟು. ಅಜ್ಜನಿಗೆ ಕಾಯಿಲೆಗಿಂತ ಮದ್ದೇ ಹೆಚ್ಚಾಗಿತ್ತು. ಎರಡು ಸ್ಟ್ರಿಪ್ ಪಕ್ಕಕ್ಕೆ ಸರಿಸಿ, ಡಾಕ್ಟರ ಹತ್ತಿರ ವಾಪಸ್ ಕಳಿಸಿದೆ. ನಮ್ಮ ಕೆಲಸ ಇದು. ಇದರಲ್ಲಿ ನಿನಗೆ ರುಚಿ ಕಂಡರೆ ಮುಂದೆ ಓದು. ಕಾಣದಿದ್ದರೆ ಈ ಕಾಗದ ಇಲ್ಲಿಗೇ ಮಡಚಿಡು, ನನಗೇನೂ ಬೇಸರವಿಲ್ಲ.

ಇನ್ನು ಓದಿನ ವಿಷಯ. ನೀನು ಕೆಮಿಸ್ಟ್ರಿಯನ್ನು ಕಡೆಗಣಿಸಿ ಫಿಸಿಕ್ಸ್ ಹಿಂದೆ ಬಿದ್ದಿದ್ದೀಯ ಅಂತ ಅಕ್ಕನ ದೂರು. ಫಾರ್ಮಸಿಗೆ ಬರುವವನಿಗೆ ಅದು ತಿರುಗುಮುರುಗು. ಸೆಕೆಂಡ್ ಪಿಯುಸಿ ಕೆಮಿಸ್ಟ್ರಿ ಪುಸ್ತಕವನ್ನು ಸಿಇಟಿಗೆ ಅಂತ ಮಾತ್ರ ಓದಬೇಡ. ದ್ರಾವಣಗಳ ಪಾಠದಲ್ಲಿ ಆಸ್ಮಾಸಿಸ್ ಹತ್ತಿರ 0.9% ಉಪ್ಪಿನ ನೀರಿನ ಮಾತು ಬರುತ್ತದೆ. ವಾರ್ಡಿನಲ್ಲಿ ಮಂಚದ ಪಕ್ಕ ನೇತಾಡುವ ನಾರ್ಮಲ್ ಸಲೈನ್ ಬಾಟಲಿಯಲ್ಲಿರುವುದು ಅದೇ. ಕೈನೆಟಿಕ್ಸ್ ಪಾಠದಲ್ಲಿ ಫಸ್ಟ್ ಆರ್ಡರ್, ಹಾಫ್ ಲೈಫ್ ಅಂತ ಲಾಗ್ ಹಾಕಿ ಲೆಕ್ಕ ಮಾಡುತ್ತೀಯಲ್ಲ, ಬಹುಪಾಲು ಔಷಧಗಳು ಮೈಯಿಂದ ಹೊರಹೋಗುವುದು ಅದೇ ಲೆಕ್ಕದಲ್ಲಿ. ಒಂದು ಮಾತ್ರೆ ದಿನಕ್ಕೆ ಒಂದು ಸಲವೋ ಮೂರು ಸಲವೋ ಅನ್ನುವುದರಲ್ಲಿ ಹಾಫ್ ಲೈಫಿನ, ಅಂದರೆ ಮೈಯಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತಿನ, ಪಾಲು ದೊಡ್ಡದು. ಫಿನಾಲ್ ಪಾಠದಲ್ಲಿ ಕೋಲ್ಬೆ ರಿಯಾಕ್ಷನ್‌ನಿಂದ ಸ್ಯಾಲಿಸಿಲಿಕ್ ಆಸಿಡ್ ಬರುತ್ತದೆ, ಅದನ್ನು ಅಸಿಟೈಲೇಟ್ ಮಾಡಿದರೆ ಆಸ್ಪಿರಿನ್. ಅಮೀನ್, ಆಲ್ಡಿಹೈಡ್, ಬಯೋಮಾಲಿಕ್ಯೂಲ್ಸ್ ಇವುಗಳನ್ನೆಲ್ಲ ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮಾರನೇ ದಿನ ಮರೆತರೆ ಎರಡನೇ ಸೆಮಿಸ್ಟರಿನಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಮತ್ತು ಬಯೋಕೆಮಿಸ್ಟ್ರಿ ಒಟ್ಟಿಗೇ ಎದುರಾದಾಗ ಒದ್ದಾಡುತ್ತೀಯ.

ಒಂದು ತಮಾಷೆ ಕೇಳು. ಮೊದಲು ಅದೇ ಪುಸ್ತಕದ ಕೊನೆಯಲ್ಲಿ ದಿನಬಳಕೆಯ ರಸಾಯನಶಾಸ್ತ್ರ ಅಂತ ಒಂದು ಪಾಠವಿತ್ತು. ಆಂಟಾಸಿಡ್, ನೋವಿನ ಮಾತ್ರೆ, ಆಂಟಿಬಯಾಟಿಕ್ ಎಲ್ಲ ಅದರಲ್ಲೇ ಬರುತ್ತಿತ್ತು. ಪಠ್ಯ ಹಗುರ ಮಾಡುವಾಗ ಅದನ್ನೇ ತೆಗೆದುಬಿಟ್ಟರು. ಔಷಧದ ಬಗ್ಗೆ ನೇರವಾಗಿ ಹೇಳುತ್ತಿದ್ದ ಪಾಠವೇ ಹೋಯಿತು. ಸೀನಿಯರ್‌ಗಳ ಹತ್ತಿರ ಹಳೇ ಪುಸ್ತಕ ಸಿಕ್ಕರೆ ಆ ಪಾಠ ಓದು. ಸಿಇಟಿಗೆ ಅದರಿಂದ ಅರ್ಧ ಮಾರ್ಕೂ ಬರುವುದಿಲ್ಲ, ಆದರೂ ಓದು.

ಸಿಇಟಿಯಲ್ಲಿ ಬಯಾಲಜಿ ಪೇಪರ್ ಬಿಟ್ಟುಬಿಡುತ್ತೇನೆ ಅಂದೆಯಂತೆ. ಬಿಡಬೇಡ. ಫಿಸಿಕ್ಸ್, ಕೆಮಿಸ್ಟ್ರಿ ಜೊತೆಗೆ ಮ್ಯಾತ್ಸ್ ಅಥವಾ ಬಯಾಲಜಿ ಯಾವುದಾದರೊಂದು ಇದ್ದರೂ ಫಾರ್ಮಸಿಗೆ ಬರಬಹುದು, ನಿಜ. ಆದರೆ ಬಯಾಲಜಿ ಓದದೆ ಬಂದವರಿಗೆ ಮೊದಲ ಸೆಮಿಸ್ಟರಿನಲ್ಲಿ ರೆಮಿಡಿಯಲ್ ಬಯಾಲಜಿ, ಮ್ಯಾತ್ಸ್ ಓದದವರಿಗೆ ರೆಮಿಡಿಯಲ್ ಮ್ಯಾತ್ಸ್ ಅಂತ ಹೆಚ್ಚುವರಿ ಪಾಠ ಇರುತ್ತದೆ. ಎರಡನ್ನೂ ಓದಿದ ನೀನು ಆ ಹೊರೆಯಿಲ್ಲದೆ ಹೋಗಬಹುದು. ಮೊದಲ ಸೆಮಿಸ್ಟರಿನಲ್ಲೇ ಹ್ಯೂಮನ್ ಅನಾಟಮಿ ಬರುತ್ತದೆ, ಆಗ ಹೃದಯ ಎಲ್ಲಿದೆ, ಮೂತ್ರಪಿಂಡ ಏನು ಮಾಡುತ್ತದೆ ಅಂತ ಹೊಸದಾಗಿ ಕಲಿಯುವ ಫಜೀತಿ ನಿನಗಿಲ್ಲ. ಸಿಇಟಿಯಲ್ಲಿ ನಾಲ್ಕೂ ಪೇಪರ್ ಬರಿ.

ಸಿಇಟಿಯ ಬಗ್ಗೆ ನಿಮ್ಮ ಲೆಕ್ಚರರ್‌ಗಳು ನನಗಿಂತ ಚೆನ್ನಾಗಿ ಹೇಳುತ್ತಾರೆ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಮಾರ್ಕು ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡ. ನೀಟ್‌ಗೆ ಅಭ್ಯಾಸ ಮಾಡಿದ ಹುಡುಗರು ಮೈನಸ್ ಮಾರ್ಕಿನ ಹೆದರಿಕೆಯಲ್ಲಿ ಇಲ್ಲೂ ಖಾಲಿ ಬಿಟ್ಟು ಬರುತ್ತಾರೆ. ಉತ್ತರ ತುಂಬುವ ಓಎಂಆರ್ ಶೀಟಿನಲ್ಲಿ ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ತುಂಬಿದ ಮೇಲೆಯೇ ಮೊದಲ ಪ್ರಶ್ನೆಗೆ ಕೈಹಾಕು.

ಓದಿದ ಮಕ್ಕಳೂ ಎಡವುವುದು ಕಾಗದಪತ್ರದಲ್ಲಿ. ನಿಮ್ಮಪ್ಪ ಅಡಿಕೆ ಕೊಯ್ಲಿಗೆ ಇಳಿದರೆ ಎರಡು ತಿಂಗಳು ಕೈಗೆ ಸಿಗುವುದಿಲ್ಲ, ಅಷ್ಟರೊಳಗೆ ಈ ಕೆಲಸ ಮುಗಿಸಿಕೊ. ನಾಡಕಚೇರಿಯಲ್ಲಿ ಜಾತಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ, ಆರ್‌ಡಿ ನಂಬರ್ (ಪ್ರಮಾಣಪತ್ರದ ಕ್ರಮಸಂಖ್ಯೆ) ಇರುವ ಪ್ರತಿ ಇಟ್ಟುಕೊ. ಹಳೆಯದು ಇದ್ದರೆ ಅದರ ಅವಧಿ ಮುಗಿದಿದೆಯೋ ನೋಡು. ಒಂದರಿಂದ ಹತ್ತನೇ ಕ್ಲಾಸಿನವರೆಗೆ ನೀನು ಓದಿದ್ದು ಊರಿನಲ್ಲೇ, ಅದೂ ಕನ್ನಡ ಮಾಧ್ಯಮದಲ್ಲಿ. ಗ್ರಾಮೀಣ ಅಭ್ಯರ್ಥಿಗಳಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲು ಇದೆ. ಎರಡಕ್ಕೂ ಬೇರೆ ಬೇರೆ ಸರ್ಟಿಫಿಕೇಟ್, ಹತ್ತು ವರ್ಷದ ಓದು ಪೂರ್ತಿ ಕಾಣಬೇಕು, ಹೆಡ್ ಮಾಸ್ಟರ್ ಸಹಿ ಆದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಯೂ ಬೇಕು. ನೀನು ಐದನೇ ಕ್ಲಾಸ್ ಆದ ಮೇಲೆ ಪಕ್ಕದೂರಿನ ಶಾಲೆಗೆ ಹೋದವನು, ಎರಡೂ ಶಾಲೆಗೆ ಅಲೆಯಬೇಕಾಗುತ್ತದೆ. ಬಿಇಒ ಆಫೀಸಿನಲ್ಲಿ ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ ಅನ್ನುವ ಮಾತು ಕೇಳಿಸಿಕೊಳ್ಳಲು ತಯಾರಾಗಿಯೇ ಹೋಗು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ನಿನ್ನ ಹೆಸರಿನ ಮುಂದೆ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ ಅಂತ ಅಕ್ಕ ಹೇಳುತ್ತಿದ್ದಳು. ಅದನ್ನೂ ಈಗಲೇ ಸರಿಮಾಡಿಸು. ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗ ಮತ್ತೆ ಅದೇ ಗೋಳು ಬೇಡ.

ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಆನ್‌ಲೈನಿನಲ್ಲಿ ಸಾಲಾಗಿ ತುಂಬುವುದು. ಇಲ್ಲಿ ಸೈಬರ್ ಸೆಂಟರಿನವನ ಕೈಗೆ ಪಾಸ್‌ವರ್ಡ್ ಕೊಟ್ಟು ಮನೆಗೆ ಬರಬೇಡ. ನಿನಗೆ ನಿಜವಾಗಿ ಬೇಕಾದ ಕಾಲೇಜನ್ನೇ ಮೇಲೆ ಹಾಕು, ಸಿಗುತ್ತದೋ ಇಲ್ಲವೋ ಅಂತ ಅಂಜಿ ಕೆಳಗೆ ಇಳಿಸಬೇಡ. ನಿಜವಾದ ಸೀಟು ಹಂಚಿಕೆಗೆ ಮುಂಚೆ ಅಣಕು ಹಂಚಿಕೆ, ಮಾಕ್ ಅಲಾಟ್‌ಮೆಂಟ್, ಬರುತ್ತದೆ, ಅದನ್ನು ನೋಡಿ ಹಿಂದೆಮುಂದೆ ಮಾಡಿಕೊಳ್ಳಬಹುದು. ಚಿತ್ರದುರ್ಗದಲ್ಲಿ ಎಸ್‌ಜೆಎಂ ಫಾರ್ಮಸಿ ಕಾಲೇಜಿದೆ, ಇಲ್ಲಿ ಬಾಪೂಜಿ ಇದೆ, ಬೆಂಗಳೂರಿನಲ್ಲಿ ಸರ್ಕಾರಿ ಫಾರ್ಮಸಿ ಕಾಲೇಜಿದೆ. ಯಾವ ಕಾಲೇಜೇ ಆಗಲಿ, ಆ ವರ್ಷಕ್ಕೆ ಭಾರತೀಯ ಫಾರ್ಮಸಿ ಕೌನ್ಸಿಲ್‌ನ ಮಾನ್ಯತೆ ಇದೆಯೋ ನೋಡದೆ ದುಡ್ಡು ಕಟ್ಟಬೇಡ. ಕಟ್ಟಡ ಎಷ್ಟು ದೊಡ್ಡದಿದ್ದರೂ ಆ ಮಾನ್ಯತೆ ಇಲ್ಲದಿದ್ದರೆ ಮುಂದೆ ಫಾರ್ಮಸಿಸ್ಟ್ ಅಂತ ನಿನ್ನ ಹೆಸರು ರಿಜಿಸ್ಟರ್ ಆಗುವುದಿಲ್ಲ. ಹೋಗಿ ನೋಡುವುದಾದರೆ ಗೇಟು, ಗಾರ್ಡನ್ನು ಬಿಟ್ಟು ಲ್ಯಾಬ್ ನೋಡು. ಟ್ಯಾಬ್ಲೆಟ್ ಪಂಚಿಂಗ್ ಮೆಷಿನ್ ಮೇಲೆ ಧೂಳಿದೆಯೋ ಪುಡಿಯಿದೆಯೋ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಬಿ.ಫಾರ್ಮಾನೋ ಫಾರ್ಮ್.ಡಿನೋ ಅಂತ ನೀನು ಕೇಳಿದ್ದೆ. ಬಿ.ಫಾರ್ಮಾ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಆಮೇಲೆ ಫ್ಯಾಕ್ಟರಿ, ಕ್ವಾಲಿಟಿ ಕಂಟ್ರೋಲ್ ಲ್ಯಾಬ್, ಡ್ರಗ್ಸ್ ಇನ್‌ಸ್ಪೆಕ್ಟರ್ ಪರೀಕ್ಷೆ, ಜಿಪ್ಯಾಟ್ ಪ್ರವೇಶ ಪರೀಕ್ಷೆ ಬರೆದು ಎಂ.ಫಾರ್ಮಾ, ಎಲ್ಲ ಕಡೆಗೂ ದಾರಿ ಇದೆ. ಫಾರ್ಮ್.ಡಿ ಆರು ವರ್ಷ, ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್, ರೋಗಿಗಳ ಜೊತೆಗೇ ಕೆಲಸ. ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಿಕೊಳ್ಳುವ ಆಸೆಗೆ ಅದಕ್ಕೆ ಹೋಗುವವರು ಬಹಳ. ನನ್ನ ಮಟ್ಟಿಗೆ ಅದು ಸಾಕಾಗುವ ಕಾರಣವಲ್ಲ. ನಿಮ್ಮ ಮನೆಯ ಪರಿಸ್ಥಿತಿಗೆ, ತಂಗಿಯ ಓದೂ ಇರುವಾಗ, ಬಿ.ಫಾರ್ಮಾ ಸರಿ ಅನ್ನಿಸುತ್ತದೆ. ಸಿಇಟಿ ಕೈಕೊಟ್ಟರೂ ಎದೆಗುಂದಬೇಡ. ಎರಡು ವರ್ಷದ ಡಿಪ್ಲೊಮಾ, ಡಿ.ಫಾರ್ಮಾ, ಮಾಡಿ ಬಿ.ಫಾರ್ಮಾ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಸರ್ವೀಸ್ ಪೂರ್ತಿ ನಾನು ಡಿ.ಫಾರ್ಮಾದಲ್ಲೇ ಕಳೆದವಳು, ಅದನ್ನು ಕೀಳು ಅಂದವರ ಜೊತೆ ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ.

ಇಂಗ್ಲಿಷಿನ ಭಯ ಬಿಡು. ಮೊದಲ ಸೆಮಿಸ್ಟರಿನಲ್ಲಿ ಕಮ್ಯುನಿಕೇಷನ್ ಸ್ಕಿಲ್ಸ್ ಅಂತಲೇ ಒಂದು ವಿಷಯ ಇದೆ. ಪುಸ್ತಕ ಇಂಗ್ಲಿಷಿನಲ್ಲಿ ಓದು, ಪರೀಕ್ಷೆ ಇಂಗ್ಲಿಷಿನಲ್ಲಿ ಬರಿ. ಕಿಟಕಿಯ ಮುಂದೆ ನಿಂತ ಅಜ್ಜಿಗೆ ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆದಮೇಲೆ ಅಂತ ಹೇಳುವುದು ನಮ್ಮ ಮಾತಿನಲ್ಲೇ.

ಇನ್ನೊಂದು. ಇದನ್ನು ಹೇಳಲು ಇನ್ನೂ ನಾಲ್ಕೈದು ವರ್ಷ ಸಮಯ ಇದೆ, ಆದರೂ ಈಗಲೇ ಹೇಳಿಬಿಡುತ್ತೇನೆ. ರಿಜಿಸ್ಟ್ರೇಷನ್ ಆದ ತಕ್ಷಣ ಯಾರಾದರೂ ಬಂದು ‘ಸರ್ಟಿಫಿಕೇಟ್ ಕೊಡು, ಅಂಗಡಿಗೆ ಬರಬೇಕಾಗಿಲ್ಲ, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಅನ್ನುತ್ತಾರೆ. ಗೋಡೆಗೆ ನಿನ್ನ ಫೋಟೋ ಇರುವ ಸರ್ಟಿಫಿಕೇಟ್ ನೇತುಹಾಕಿ, ಒಳಗೆ ಎಸ್ಸೆಸ್ಸೆಲ್ಸಿ ಫೇಲಾದ ಹುಡುಗ ಮಾತ್ರೆ ಕೊಡುತ್ತಿರುತ್ತಾನೆ. ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ಡಾಕ್ಟರ ಚೀಟಿಗೆ ಔಷಧ ಕೊಡುವುದು 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಅಪರಾಧ. ಆ ಅಜ್ಜನ ಮೂರು ಸ್ಟ್ರಿಪ್ಪಿನಲ್ಲಿ ಒಂದು ಅಂಥದೇ ಅಂಗಡಿಯಿಂದ ಬಂದದ್ದು. ಆ ದುಡ್ಡು ಮುಟ್ಟುವ ಯೋಚನೆಯಿದ್ದರೆ ಈ ಓದಿಗೇ ಬರಬೇಡ.

ಫೀಸಿನ ವಿಷಯ ಭಾವನವರ ಹತ್ತಿರ ನೀನು ಎತ್ತಬೇಡ, ನಾನು ಮಾತಾಡುತ್ತೇನೆ. ಎಂಜಿನಿಯರಿಂಗ್ ಬಿಟ್ಟು ಮಾತ್ರೆ ಅಂಗಡಿ ಇಡಲು ಹೊರಟಿದ್ದಾನೆ ಅಂತ ಅವರು ರೇಗಿದ್ದಾರಂತೆ, ರೇಗಲಿ. ಸರ್ಕಾರಿ ಕೋಟಾದಲ್ಲಿ ಸೀಟು ಸಿಕ್ಕರೆ ಎಷ್ಟು, ಮ್ಯಾನೇಜ್‌ಮೆಂಟಿನಲ್ಲಾದರೆ ಎಷ್ಟು, ಹಾಸ್ಟೆಲ್ ಎಷ್ಟು ಅಂತ ಇಲ್ಲಿನ ಕಾಲೇಜಿನಲ್ಲಿ ನಾನೇ ವಿಚಾರಿಸಿ ಬರೆದಿಟ್ಟುಕೊಂಡಿರುತ್ತೇನೆ. ದಾವಣಗೆರೆಯಲ್ಲಿ ಸಿಕ್ಕರೆ ಹಾಸ್ಟೆಲ್ ಯಾಕೆ, ನಮ್ಮ ಮನೆಯ ಮೇಲಿನ ರೂಮು ಖಾಲಿಯೇ ಇದೆ. ನಿಮ್ಮ ಚಿಕ್ಕಪ್ಪನಿಗೆ ಬೆಳಿಗ್ಗೆ ವಾಕಿಂಗಿಗೆ ಜೊತೆಯಾಗುತ್ತದೆ. ದಿನಾ ಬೆಣ್ಣೆದೋಸೆ ಕೇಳಬೇಡ, ಅಷ್ಟೇ.

ಕ್ರಿಸ್‌ಮಸ್ ರಜೆಗೆ ಬರುವಾಗ ಆರ್‌ಡಿ ನಂಬರಿನ ಪ್ರತಿ ಮತ್ತು ಎರಡೂ ಶಾಲೆಯ ಸರ್ಟಿಫಿಕೇಟ್ ಜೊತೆಗೆ ತಾ, ನಾನೊಮ್ಮೆ ಕಣ್ಣಾಡಿಸುತ್ತೇನೆ.

ಇಂತಿ,
ನಿನ್ನ ಚಿಕ್ಕಮ್ಮ