ಲೆಕ್ಕಕ್ಕೆ ಬಾರದ ದಿನಗಳು

ಪ್ರೀತಿಯ ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಬಡ್ತಿ ಸಿಕ್ಕಿದೆ, ಇನ್ನು ತಿಂಗಳಿಗೊಮ್ಮೆಯಾದರೂ ವಿದೇಶಕ್ಕೆ ಹೋಗಿಬರಬೇಕಂತೆ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಖುಷಿಯಾಯಿತು. ನಿನ್ನ ಹೆಂಡತಿಯ ದನಿಯಲ್ಲಿ ಮಾತ್ರ ಅಷ್ಟು ಖುಷಿ ಕೇಳಿಸಲಿಲ್ಲ, ಅದಕ್ಕೇ ಈ ಪತ್ರ. ಅರ್ಧ ನೌಕರಿಯನ್ನು ಈ ಓಡಾಟದಲ್ಲೇ ಕಳೆದವಳು ನಾನು, ಸ್ವಲ್ಪ ಉದ್ದವಾದರೂ ಓದು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ವಿಡಿಯೋ ಕಾಲ್‌ನಲ್ಲಿ ವಾರಗಟ್ಟಲೆ ಎಳೆದಾಡಿದ ವಿಷಯ ಎದುರಾಎದುರು ಕೂತರೆ ಅರ್ಧ ಗಂಟೆಯಲ್ಲಿ ಬಗೆಹರಿಯುವುದುಂಟು. ಅದೂ ಎಷ್ಟೋ ಸಲ ಮೀಟಿಂಗ್ ಕೋಣೆಯಲ್ಲಲ್ಲ, ಹೊರಗೆ ಲಿಫ್ಟ್‌ಗೆ ಕಾಯುವಾಗ. ಫೋನಿನಲ್ಲಿ "ಯೋಚನೆ ಮಾಡಿ ಹೇಳುತ್ತೇವೆ" ಅನ್ನುವವರು ಯಾರ ಮುಖ ನೋಡಿಕೊಂಡು ಹಾಗೆ ಹೇಳುತ್ತಾರೆ ಅನ್ನುವುದು ಅಲ್ಲಿಗೆ ಹೋದರೇ ಗೊತ್ತಾಗುವುದು. ಬಾಯಿ ತುಂಬ ಮಾತಾಡುವವರು ಒಬ್ಬರು, ನಿರ್ಧಾರ ಮಾಡುವವರು ಮೇಜಿನ ಆ ತುದಿಯಲ್ಲಿ ಸುಮ್ನೆ ಕೂತಿರುವ ಇನ್ನೊಬ್ಬರು. ಇದನ್ನೆಲ್ಲ ಕಲಿಯುವ ಅವಕಾಶ ಸಿಕ್ಕಿದೆ, ಬಿಡಬೇಡ.

ಆದರೆ ಒಂದು ವಿಷಯ ಮನಸ್ಸಿನಲ್ಲಿಟ್ಟುಕೋ. ಕಂಪನಿ ಮೂರು ದಿನದ ಪ್ರವಾಸ ಅಂತ ಬರೆದುಕೊಳ್ಳುತ್ತದೆ. ಹಿಂದಿನ ದಿನದ ತಯಾರಿ, ರಾತ್ರಿಯ ವಿಮಾನ, ಬಂದ ಮೇಲೆ ತಲೆ ಮಂಕಾಗಿ ಕಳೆಯುವ ದಿನಗಳು, ಇವು ಯಾವ ಲೆಕ್ಕಕ್ಕೂ ಬರುವುದಿಲ್ಲ. ಅವು ನಿನ್ನ ನಿದ್ದೆಯಿಂದ, ನಿನ್ನ ಭಾನುವಾರದಿಂದ ಹೋಗುತ್ತವೆ. ಆ ದಿನಗಳನ್ನು ಲೆಕ್ಕಕ್ಕೆ ತರಿಸುವುದೇ ನೀನು ಕಲಿಯಬೇಕಾದ ದೊಡ್ಡ ವಿದ್ಯೆ.

ದೇಹದ ವಿಚಾರ ತಗೋ. ಒಳಗಿನ ಗಡಿಯಾರ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಮಾತ್ರ ಸರಿಯುತ್ತದೆ. ಎಂಟು ಗಂಟೆ ವ್ಯತ್ಯಾಸದ ಊರಿಗೆ ಹೋದರೆ ಅಲ್ಲಿಗೆ ಹೊಂದಿಕೊಳ್ಳುವ ಮುಂಚೆ ವಾಪಸ್ ಬಂದಿರುತ್ತೀಯ! ನಮ್ಮೊಳಗಿನ ದಿನ 24 ಗಂಟೆಗಿಂತ ಒಂಚೂರು ಉದ್ದ, ಅದಕ್ಕೇ ದಿನ ಹಿಗ್ಗುವ ಪಶ್ಚಿಮದ ಪ್ರಯಾಣ ಹಗುರ, ದಿನ ಕುಗ್ಗುವ ಪೂರ್ವದ ಪ್ರಯಾಣ ಕಷ್ಟ. ಎರಡು ದಿನದ ಕೆಲಸವಾದರೆ ಹೊಂದಿಕೊಳ್ಳುವ ಗೋಜಿಗೇ ಹೋಗಬೇಡ. ನಮ್ಮ ಊರಿನ ಸಮಯಕ್ಕೇ ಮಲಗು, ನಿನಗೆ ಚುರುಕಿರುವ ಹೊತ್ತಿಗೆ ಮೀಟಿಂಗ್ ಇಟ್ಟುಕೊಳ್ಳಿ ಅಂತ ಮೊದಲೇ ಕೇಳು. ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ, ನಾವು ಕೇಳುವುದೇ ಇಲ್ಲ.

ವಾರಕ್ಕಿಂತ ಜಾಸ್ತಿ ಇರಬೇಕಾದರೆ ಆಗ ಬೆಳಕಿನ ಸಹಾಯ ಬೇಕು. "ಇಳಿದ ತಕ್ಷಣ ಬಿಸಿಲಿಗೆ ಹೋಗು" ಅಂತ ಎಲ್ಲರೂ ಹೇಳುತ್ತಾರೆ, ಅದು ಯಾವಾಗಲೂ ಸರಿಯಲ್ಲ. ನೀನು ಏಳುವ ಎರಡು ಮೂರು ಗಂಟೆ ಮುಂಚೆ ದೇಹದ ಉಷ್ಣತೆ ತೀರಾ ಇಳಿದಿರುತ್ತದೆ. ಆ ಹೊತ್ತಿನ ನಂತರ ಕಂಡ ಬೆಳಕು ಗಡಿಯಾರವನ್ನು ಮುಂದಕ್ಕೆ ಎಳೆಯುತ್ತದೆ, ಅದಕ್ಕೆ ಮುಂಚಿನದು ಹಿಂದಕ್ಕೆ ತಳ್ಳುತ್ತದೆ. ಆ ಹೊತ್ತು ನಿನ್ನ ಊರಿನ ಬೆಳಗಿನ ಜಾವ 5 ಗಂಟೆ ಅಂದುಕೋ, ಪೂರ್ವದಲ್ಲಿ ಎಂಟು ಗಂಟೆ ಮುಂದಿರುವ ಊರಿನಲ್ಲಿ ಅದು ಮಧ್ಯಾಹ್ನ 1. ಹಾಗಾಗಿ ಮೊದಲ ದಿನ ಅಲ್ಲಿ ಬೆಳಿಗ್ಗೆ ಕಪ್ಪು ಕನ್ನಡಕ ಹಾಕಿಕೋ, ಮಧ್ಯಾಹ್ನದ ಮೇಲೆ ಹೊರಗೆ ನಡೆದಾಡು, ಆಮೇಲೆ ದಿನಾ ಒಂದೊಂದು ಗಂಟೆ ಬೇಗ ಹೊರಡು. ರಾತ್ರಿ ಮೂರಕ್ಕೆ ಎಚ್ಚರವಾಗಿ, ಪರದೆಯ ಸಂದಿಯಿಂದ ಬೀಳುವ ಬೀದಿದೀಪದ ಗೆರೆ ನೋಡುತ್ತಾ ಮಲಗಿರುವಾಗ ಫೋನ್ ಮುಟ್ಟಬೇಡ. ಆಫೀಸಿನ ಮೆಸೇಜ್ ಒಂದು ಕಣ್ಣಿಗೆ ಬಿದ್ದರೆ ಆ ರಾತ್ರಿ ಮುಗಿಯಿತು ಅಂತಲೇ ಲೆಕ್ಕ.

ಕಾಲಿನ ಬಗ್ಗೆಯೂ ಹೇಳಬೇಕು. ನಾಲ್ಕು ಗಂಟೆಗಿಂತ ಹೆಚ್ಚು ಅಲ್ಲಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳುತ್ತದೆ. ಆಗಲೂ ಸುಮಾರು 6,000 ಜನಕ್ಕೆ ಒಬ್ಬರಿಗೆ, ಹೆದರಬೇಕಿಲ್ಲ. ಆದರೆ ಮೇಲಿಂದ ಮೇಲೆ ಹಾರುವವರಿಗೆ ಅಪಾಯ ಜಾಸ್ತಿ ಅಂತಲೂ ಅದರಲ್ಲೇ ಇದೆ. ಕಿಟಕಿ ಸೀಟಿನ ಆಸೆ ಬಿಡು, ಎದ್ದು ಓಡಾಡಲು ಆಗುವ ಕಡೆ ಕೂರು. ಬಂದ ಮೇಲೆ ಒಂದೇ ಕಾಲು ಊದಿ ನೋಯುತ್ತಿದ್ದರೆ ಸುಸ್ತು ಅಂದುಕೊಂಡು ಸುಮ್ಮನಿರದೆ ಅವತ್ತೇ ಡಾಕ್ಟರ ಹತ್ತಿರ ಹೋಗು.

ಈಗ ಕಾಗದಪತ್ರ. ಇಲ್ಲಿ ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಬಿಸಿನೆಸ್ ವೀಸಾ ಅಂದರೆ ಸಾಮಾನ್ಯವಾಗಿ ಮೀಟಿಂಗ್, ಮಾತುಕತೆ, ಸಮ್ಮೇಳನ ಇಷ್ಟಕ್ಕೇ. ಅಲ್ಲಿ ಕೂತು ಗ್ರಾಹಕರ ಕೆಲಸವನ್ನೇ ಮಾಡಿಕೊಡುವುದಾದರೆ ಅನೇಕ ದೇಶಗಳಲ್ಲಿ ಬೇರೆ ಪರವಾನಗಿ ಬೇಕು. ಅವಸರವಿದ್ದಾಗ "ಇಮಿಗ್ರೇಷನ್ ಕೌಂಟರಿನಲ್ಲಿ ಮೀಟಿಂಗ್ ಅಂತ ಹೇಳಿಬಿಡು, ಏನಾಗಲ್ಲ" ಅನ್ನುವವರು ಆಫೀಸಿನಲ್ಲಿ ಒಬ್ಬರಾದರೂ ಇರುತ್ತಾರೆ. ಕೌಂಟರಿನ ಮುಂದೆ ನಿಲ್ಲುವವನು ನೀನು, ಅವರಲ್ಲ. ವಾಪಸ್ ಕಳಿಸಿದರೆ ಅದು ನಿನ್ನ ಹೆಸರಿಗೇ ಅಂಟಿಕೊಳ್ಳುತ್ತದೆ, ಮುಂದಿನ ಪ್ರತಿ ವೀಸಾ ಅರ್ಜಿಯಲ್ಲೂ ಅದನ್ನು ವಿವರಿಸಬೇಕಾದೀತು. ಅಂಥ ಪ್ರಯಾಣಕ್ಕೆ ಹೋಗುವುದಿಲ್ಲ ಅನ್ನು.

ಎಲ್ಲಿ ಎಷ್ಟು ದಿನ ಇದ್ದೆ ಅನ್ನುವುದನ್ನು ಒಂದು ಕಡೆ ಬರೆದಿಡು. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ ಎಲ್ಲ ಸೇರಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಒಳಗೆ ಹೋದ ದಿನ, ಹೊರಟ ದಿನ ಎರಡೂ ಎಣಿಕೆಗೆ ಬರುತ್ತವೆ. 2025ರ ಅಕ್ಟೋಬರ್‌ನಿಂದ ಅಲ್ಲಿ ಬೆರಳಚ್ಚು, ಮುಖದ ಫೋಟೋ ತೆಗೆದು ಈ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಲು ಶುರುಮಾಡಿದ್ದಾರೆ. ಸುಮಾರು ಅರ್ಧ ವರ್ಷ, ಅಂದರೆ 183 ದಿನ ಇದ್ದರೆ ಅಲ್ಲೇ ತೆರಿಗೆ ಕಟ್ಟಬೇಕಾದೀತು ಅನ್ನುವ ನಿಯಮ ಬಹಳ ದೇಶಗಳಲ್ಲಿದೆ, ಅದು ನಿನಗೆ ತಾಗುತ್ತದೋ ಇಲ್ಲವೋ ಅಂತ ಕಂಪನಿಯವರಿಂದ ಬರಹದಲ್ಲಿ ತಗೋ.

ಬ್ಯಾಗ್ ಬರದಿದ್ದರೆ ವಿಮಾನ ನಿಲ್ದಾಣ ಬಿಡುವ ಮುಂಚೆ ಅಲ್ಲೇ ದೂರು ಬರೆಸಿ ನಂಬರ್ ಇಸ್ಕೋ. ಒಮ್ಮೆ ನನ್ನ ಬ್ಯಾಗ್ ಇನ್ನೊಂದು ಖಂಡಕ್ಕೆ ಹೋಗಿತ್ತು, ಕೈಯಲ್ಲಿದ್ದ ಆ ಚೀಟಿಯಿಂದಲೇ ಖರ್ಚು ವಾಪಸ್ ಬಂತು. ವಿಮಾನ ಪ್ರಯಾಣದ ಬಗ್ಗೆ ದೇಶಗಳು ಮಾಡಿಕೊಂಡ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ತಡವಾಗಿ ಬಂದ ಬ್ಯಾಗಿಗೆ ಅದು ಕೈಸೇರಿದ 21 ದಿನದೊಳಗೆ, ಹಾಳಾಗಿದ್ದರೆ 7 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ಕಾರ್ಡ್ ಯಂತ್ರ ನಿನ್ನ ದೇಶದ ಹಣದಲ್ಲಿ ಕೊಡುತ್ತೀಯಾ ಅಂತ ಕೇಳಿದರೆ ಬೇಡ ಅನ್ನು, ಆ ದೇಶದ ಹಣದಲ್ಲೇ ಕೊಡು, ಇಲ್ಲದಿದ್ದರೆ ವಿನಿಮಯದಲ್ಲಿ ಕೈ ಕಚ್ಚುತ್ತದೆ. ಇನ್ನು ಹೆಚ್ಚು ಹಾರುವವರಿಗೆ ವಿಮಾನ ಕಂಪನಿಗಳು ಕೊಡುವ ಚಿನ್ನ, ಬೆಳ್ಳಿಯ ಕಾರ್ಡಿನ ಹುಚ್ಚು! ವರ್ಷದ ಕೊನೆಯಲ್ಲಿ ಕಾರ್ಡ್ ಉಳಿಸಿಕೊಳ್ಳಲು ಅಂತಲೇ ಬೇಡದ ಪ್ರಯಾಣ ಹೊರಟವರನ್ನು ನೋಡಿದ್ದೇನೆ. ಸಿಕ್ಕಿದರೆ ಲೌಂಜಿನಲ್ಲಿ ಹಾಯಾಗಿ ಕೂರು, ಅದರ ಹಿಂದೆ ಓಡಬೇಡ.

ಮನೆಯ ಮಾತು ಕೊನೆಗಿಟ್ಟೆ, ಯಾಕಂದರೆ ಅದೇ ಕಷ್ಟದ್ದು. ನೀನಿಲ್ಲದ ದಿನಗಳಲ್ಲಿ ಮನೆ ನಿಂತಿರುವುದಿಲ್ಲ. ನಿನ್ನ ಹೆಂಡತಿ ತನ್ನದೇ ರೀತಿಯಲ್ಲಿ ಎಲ್ಲವನ್ನೂ ಹೊಂದಿಸಿಕೊಂಡಿರುತ್ತಾಳೆ. ನೀನು ಬಂದು ಚಪ್ಪಲಿ ಬಿಡುತ್ತಲೇ "ಇದು ಯಾಕೆ ಇಲ್ಲಿದೆ, ಮಗು ಇನ್ನೂ ಯಾಕೆ ಮಲಗಿಲ್ಲ" ಅಂತ ಶುರುಮಾಡಿದರೆ ಯಾರಿಗೆ ತಾನೇ ರೇಗುವುದಿಲ್ಲ? ಒಂದೆರಡು ದಿನ ಹೇಳಿದ್ದು ಮಾಡಿಕೊಂಡಿರು. ಶಾಲೆಯ ಕಾಗದಕ್ಕೆ ಸಹಿ ಬೇಕಾದಾಗ ಮಗಳು ನಿನ್ನನ್ನು ದಾಟಿಕೊಂಡು ಅಮ್ಮನ ಹತ್ತಿರ ಹೋದರೆ ಬೇಜಾರಾಗುತ್ತದೆ, ನನಗೆ ಗೊತ್ತು. ಏರ್‌ಪೋರ್ಟಿನ ಅಂಗಡಿಯಲ್ಲಿ ಕೊನೇ ಗಳಿಗೆಯಲ್ಲಿ ಕೊಂಡ ದೊಡ್ಡ ಗೊಂಬೆಯಿಂದ ಅದು ಸರಿಹೋಗುವುದಿಲ್ಲ. ದಿನಾ ಮಗಳ ಹೊತ್ತಿಗೆ ಫೋನ್ ಮಾಡು, ನಿನ್ನ ಹೊತ್ತಿಗಲ್ಲ. "ಏನ್ ಮಾಡ್ದೆ ಇವತ್ತು" ಅಂತ ಕೇಳಿದರೆ "ಏನಿಲ್ಲ" ಅಂತಾಳೆ. ನಿನ್ನೆ ಅವಳು ಹೇಳಿದ ಗೆಳತಿಯ ಜಗಳ ಏನಾಯಿತು ಅಂತ ಕೇಳಿ ನೋಡು, ಫೋನ್ ಇಡುವುದೇ ಇಲ್ಲ.

ಮುಂದಿನ ತಿಂಗಳ ಟಿಕೆಟ್ ಇನ್ನೂ ಮಾಡಿಸಿಲ್ಲ ಅಂತ ಕೇಳಿದೆ. ಭಾನುವಾರ ರಾತ್ರಿ ಬಂದು ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗುವ ಟಿಕೆಟ್ ಕೊಟ್ಟರೆ ಒಪ್ಪಬೇಡ. ಶುಕ್ರವಾರದ ವಿಮಾನ ಕೇಳು, ಆಗಲ್ಲ ಅಂದರೆ ಸೋಮವಾರ ರಜೆ ಕೇಳು. ಮೊದಲ ಪ್ರಯಾಣದಲ್ಲಿ ಕೇಳದ್ದನ್ನು ಹತ್ತನೆಯದರಲ್ಲಿ ಕೇಳಿದರೆ "ಇಷ್ಟು ದಿನ ಇಲ್ಲದ್ದು ಈಗೇನು" ಅಂತಾರೆ. ಮ್ಯಾನೇಜರ್ ಏನಂದರು ಅಂತ ನನಗೂ ಒಂದು ಮೆಸೇಜ್ ಹಾಕು.

ನಿನ್ನ ಅತ್ತೆ