ಚೆನ್ನೆಮಣೆ ಮತ್ತೆ ಜಗಲಿಗೆ ಬರಲಿ

ಮಾನ್ಯರೇ,

ಒಂದನೇ, ಎರಡನೇ ತರಗತಿಯ ಮಕ್ಕಳಿಂದ ಮನೆಯಲ್ಲೂ ಮಗ್ಗಿ ಬರೆಸಿ ದಣಿಸುವ ಹೆತ್ತವರು, ಕಾಸರಗೋಡಿನ ಹಲವು ಮನೆಗಳ ಅಟ್ಟದಲ್ಲಿ ಧೂಳು ಹಿಡಿದಿರುವ ಚೆನ್ನೆಮಣೆಯನ್ನು (ಒಂದು ಗುಳಿಯ ಕಾಯಿಗಳನ್ನು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಆಡುವ ಮರದ ಮಣೆ) ಕೆಳಗಿಳಿಸಬೇಕೆಂದು ಕೋರುತ್ತೇನೆ. ಎರಡು ಸಾಲುಗಳಲ್ಲಿ ಏಳೇಳರಂತೆ ಇರುವ 14 ಗುಳಿಗಳಿಗೆ ನಾಲ್ಕು ನಾಲ್ಕು ಕಾಯಿ ಹಾಕಿದರೆ 56 ಆಗುತ್ತದೆಂಬುದನ್ನು ಮಗು ತನ್ನ ಬೆರಳುಗಳಿಂದಲೇ ಕಂಡುಕೊಳ್ಳುತ್ತದೆ. ಯಾವ ಗುಳಿಯಿಂದ ಹೊರಟರೆ ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಯೋಚಿಸುವಾಗ ಕೂಡಿಸುವುದು, ಕಳೆಯುವುದು, ಊಹಿಸುವುದು ಎಲ್ಲವೂ ಒಟ್ಟಿಗೆ ನಡೆಯುತ್ತವೆ. ಮಣೆ ಇಲ್ಲದವರು ಅಂಗಳದ ಮಣ್ಣಿನಲ್ಲಿ ಗುಳಿ ತೋಡಿ ಹುಣಸೆ ಬೀಜ ಬಳಸಬಹುದು. (ಗುಲಗಂಜಿ ಮಾತ್ರ ಬೇಡ, ಅದನ್ನು ಜಗಿದು ನುಂಗಿದರೆ ವಿಷ.)

ಮಲಯಾಳವೇ ಹೆಚ್ಚು ಕೇಳಿಸುವ ಪೇಟೆಯಲ್ಲಿ ಬೆಳೆಯುತ್ತಿರುವ ನನ್ನ ಮೊಮ್ಮಗಳು ಕಳೆದ ರಜೆಯಲ್ಲಿ, ಒಣಗಲು ಹರಡಿದ್ದ ಅಡಿಕೆಗಳನ್ನು ಜೋಡಿಸಿ ಕನ್ನಡ ಅಕ್ಷರಗಳನ್ನು ಕಲಿತಳು. ‘ಳ’ಕಾರದ ಸುರುಳಿಗೆ ಎಷ್ಟು ಅಡಿಕೆ ಬೇಕೆಂದು ಎಣಿಸುತ್ತಿದ್ದ ಅವಳ ತನ್ಮಯತೆಯನ್ನು ಕಾಪಿ ಪುಸ್ತಕದ ಮುಂದೆ ನಾನೆಂದೂ ಕಂಡಿರಲಿಲ್ಲ.

ನಮ್ಮ ಕನ್ನಡ ಶಾಲೆಗಳು ಹೆತ್ತವರ ಸಭೆಯಲ್ಲಿ ಇಂತಹ ಆಟಗಳನ್ನು ಆಡಿಸಿಯೇ ತೋರಿಸಿದರೆ, ಸಂಜೆಯ ಅರ್ಧ ಗಂಟೆಯನ್ನು ಮಕ್ಕಳಿಗಾಗಿ ಮೀಸಲಿಡಲು ಹೆಚ್ಚಿನ ಮನೆಗಳು ಮುಂದೆ ಬಂದಾವು.

– ಓರ್ವ ಅಜ್ಜಿ, ಬದಿಯಡ್ಕ