ಕೊನೇ ಸಾಲಿನಲ್ಲಿ ಕೂತಿದ್ದ ಮೇಡಂಗೆ

ಶಿವಮೊಗ್ಗದಲ್ಲಿ ದೂರಶಿಕ್ಷಣ ಕೇಂದ್ರ ನೋಡಿಕೊಳ್ಳುವವರ ಸಮ್ಮೇಳನಕ್ಕೆ ತೀರ್ಥಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟಿದ್ದೆ. ಮಂಡಗದ್ದೆ ದಾಟುವಷ್ಟರಲ್ಲಿ ಜೋರು ಮಳೆ. ಕಿಟಕಿ ಸಂದಿಯಿಂದ ನೀರು ಬಿದ್ದು ಫೈಲೆಲ್ಲ ಒದ್ದೆ.

ಸಮ್ಮೇಳನದಲ್ಲಿ ಕೊನೇ ಸಾಲಿನಲ್ಲಿ ಕೂತು ಹಾಳೆ ಬಿಡಿಸುತ್ತಿದ್ದೆ. ಪಕ್ಕದ ಮೇಡಂ ಏನೂ ಕೇಳದೆ ತಮ್ಮ ಟವೆಲ್ ತೆಗೆದರು. ಒಂದೊಂದೇ ಹಾಳೆಯನ್ನು ಅದರ ಮಡಿಕೆಯಲ್ಲಿಟ್ಟು ಅಂಗೈಯಿಂದ ಮೆಲ್ಲಗೆ ಒತ್ತಿದರು. ಶಾಯಿ ಸ್ವಲ್ಪವೂ ಹರಡಲಿಲ್ಲ.

ಊಟದ ಹೊತ್ತಿಗೆ ನನ್ನ ಕಷ್ಟ ಹೇಳಿಕೊಂಡೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2020ರ ನಿಯಮದಂತೆ ಆಂತರಿಕ ಮೌಲ್ಯಮಾಪನಕ್ಕೆ, ಅಂದರೆ ಅಸೈನ್‌ಮೆಂಟ್‌ನಂಥವಕ್ಕೆ, ಹೆಚ್ಚೆಂದರೆ ಶೇ. 30 ಅಂಕ. ಕೂಲಿಗೆ ಹೋಗಿ ಬಂದು ಓದುವವರಿಗೆ ಅದು ಸಣ್ಣದಲ್ಲ ಅಲ್ವಾ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅಸೈನ್‌ಮೆಂಟ್ ಪ್ರಶ್ನೆ ತಲುಪುವಾಗಲೇ ಕೊನೇ ದಿನ ಹತ್ತಿರ ಬಂದಿರುತ್ತದೆ.

"ವಾಟ್ಸ್‌ಆ್ಯಪ್ ನಂಬಬೇಡಿ. ಮೇ ತಿಂಗಳಲ್ಲೇ ಪ್ರಿಂಟ್ ಹಾಕಿಸಿ ಊರಿನ ಲೈಬ್ರರಿಯಲ್ಲಿಡಿ. ದಿನಾಂಕ ಎಸ್ಸೆಮ್ಮೆಸ್ ಮಾಡಿ" ಎಂದರು. ತಮ್ಮ ರಿಜಿಸ್ಟರಿನ ಕಲಂಗಳನ್ನೂ ನನ್ನ ಪುಸ್ತಕದಲ್ಲಿ ಗೀಟು ಹಾಕಿ ತೋರಿಸಿದರು.

ಹೆಸರು ಕೇಳುವಷ್ಟರಲ್ಲಿ ಅವರ ಬಸ್ ಬಂತು. ಮೇಡಂ, ಈ ಸಲ ಪ್ರಿಂಟ್ ಮೊದಲೇ ಹಾಕಿಸಿದ್ದೇನೆ. ನಿಮಗೆ ಮನಸಾರೆ ಧನ್ಯವಾದ. ಟವೆಲ್ ಒಗೆದು ಮಡಚಿಟ್ಟಿದ್ದೇನೆ.